ಹುಳುಮನೆಗೆ ಬಂದ ಮೆಂಡಲ್

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆಯ ಪಾಠಕ್ಕೆ ಬಟಾಣಿ ಗಿಡವೇ ಆಧಾರ. ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಸಂಕರ ಮಾಡಿಸಿದರೆ ಮೊದಲ ಪೀಳಿಗೆಯೆಲ್ಲ ಎತ್ತರ. ಮುಂದಿನ ಪೀಳಿಗೆಯಲ್ಲಿ ಮೂರು ಎತ್ತರಕ್ಕೆ ಒಂದು ಗಿಡ್ಡ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿ ಹೈಸ್ಕೂಲುಗಳಲ್ಲಿ ಮಕ್ಕಳು ಇದನ್ನು ಬಾಯಿಪಾಠ ಮಾಡಿ, ನಾಲ್ಕು ಮನೆಯ ಚೌಕ ಬರೆದು ಅಂಕ ತೆಗೆಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಸಂಜೆ ಮನೆಗೆ ಹೋಗಿ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವವರು. ತಟ್ಟೆಯಲ್ಲಿ ಸೊಪ್ಪು ಮೇಯುವ ಆ ಹುಳು ಇದೇ ಪಾಠದಿಂದ ಬಂದದ್ದು.

ಬಟಾಣಿಯ ಮೇಲೆ ಮೆಂಡಲ್ ಬರೆದ ಪ್ರಬಂಧ 1866ರಲ್ಲಿ ಅಚ್ಚಾದರೂ ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಪ್ರಾಣಿಗಳಿಗೂ ಈ ನಿಯಮ ಹೊಂದುತ್ತದೆಯೇ ಎಂದು ಹುಡುಕಿದವರಲ್ಲಿ ಜಪಾನಿನ ತೊಯಾಮಾ ಕಮೆತಾರೊ ಒಬ್ಬರು. ಸಿಯಾಮ್ ದೇಶದಲ್ಲಿ ರೇಷ್ಮೆ ಕೆಲಸಕ್ಕೆ ಹೋಗಿದ್ದ ಅವರು ಅಲ್ಲಿನ ಹಳದಿ ಗೂಡಿನ ತಳಿಗೂ ಜಪಾನಿನ ಬಿಳಿ ಗೂಡಿನ ತಳಿಗೂ ಸಂಕರ ಮಾಡಿಸಿದರು. ಮೊದಲ ಪೀಳಿಗೆಯ ಗೂಡೆಲ್ಲ ಹಳದಿ, ಎರಡನೆಯದರಲ್ಲಿ ಮೂರು ಹಳದಿಗೆ ಒಂದು ಬಿಳಿ. 1906ರಲ್ಲಿ ಇದನ್ನು ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲದೆ, ಮೊದಲ ಪೀಳಿಗೆಯ ಮಿಶ್ರ ಹುಳು ತಾಯಿತಂದೆ ಎರಡಕ್ಕಿಂತಲೂ ಗಟ್ಟಿಮುಟ್ಟು, ರೈತರಿಗೆ ಅದರ ಮೊಟ್ಟೆಯನ್ನೇ ಕೊಡಿ ಎಂದು ವಾದಿಸಿದರು. ಮುಂದಿನ ಎರಡು ದಶಕಗಳಲ್ಲಿ ಜಪಾನಿನ ರೇಷ್ಮೆ ಆ ದಾರಿಗೇ ಹೊರಳಿತು.

ಟಿಪ್ಪು ಕಾಲದಿಂದ ಹುಳು ಸಾಕುತ್ತಿದ್ದ ಮೈಸೂರು ಸೀಮೆಯಲ್ಲಿ ಉಳಿದದ್ದು ಬಹುಪೀಳಿಗೆಯ ಮೈಸೂರು ತಳಿ. ವರ್ಷದುದ್ದಕ್ಕೂ ಬೆಳೆ ಕೊಡುತ್ತದೆ, ನಮ್ಮ ಬಿಸಿಲು ತಡೆಯುತ್ತದೆ. ಆದರೆ ಹಸಿರು ಮಿಶ್ರಿತ ಹಳದಿ ಗೂಡು ಚಿಕ್ಕದು, ಎಳೆ ಸುಮಾರು 400 ಮೀಟರ್ ಮಾತ್ರ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿದರು, ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಬಂತು. ನಾಟಿ ತಾಯಿಗೆ ಹೊರಗಿನ ಗಂಡು ಕೂಡಿಸುವ ಪದ್ಧತಿ ಬರಬರುತ್ತ ಬೇರೂರಿತು. 1991ರಿಂದ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಬೆಂಬಲದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಬಿಳಿ ಗೂಡಿನ ಸಿಎಸ್‌ಆರ್-2 ತಳಿಯನ್ನು ರೂಪಿಸಿತು. ಅದರ ಎಳೆ 1000 ಮೀಟರ್ ಮೀರುತ್ತದೆ. ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್-2 ಗಂಡು ಕೂಡಿಸಿ ಪಡೆದ ಮಿಶ್ರತಳಿಗೆ ಇಟ್ಟ ಹೆಸರು ‘ಕೋಲಾರ್ ಗೋಲ್ಡ್’. ತೊಯಾಮಾರ ನಾಡಿನ ನೆರವಿನಿಂದ ಬಂದ ಹುಳಕ್ಕೆ ನಮ್ಮ ಜಿಲ್ಲೆಯ ಹೆಸರು! ಇದನ್ನು ಪಾಠದಲ್ಲಿ ಹೇಳದೆ ಇನ್ನೆಲ್ಲಿ ಹೇಳುವುದು?

ಮಕ್ಕಳನ್ನು ಒಮ್ಮೆ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೆ ಕರೆದೊಯ್ಯಬೇಕು. ಅಲ್ಲಿ ಗಂಡು ಹೆಣ್ಣು ಕೋಶಗಳನ್ನು ಮೊದಲೇ ಬೇರ್ಪಡಿಸುತ್ತಾರೆ, ಇಲ್ಲದಿದ್ದರೆ ಒಂದೇ ತಳಿಯ ಪತಂಗಗಳು ತಮ್ಮತಮ್ಮಲ್ಲೇ ಕೂಡಿಬಿಡುತ್ತವೆ. ಕೆಲವು ಗಂಟೆ ಜೊತೆಗಿಟ್ಟು ಗಂಡನ್ನು ಬಿಡಿಸಿ, ಹೆಣ್ಣನ್ನು ಕಾಗದದ ಮೇಲೆ ಬಿಡುತ್ತಾರೆ. ಅದು ನಾನೂರರಷ್ಟು ಮೊಟ್ಟೆ ಇಡುತ್ತದೆ. ಆಮೇಲೆ ಆ ತಾಯಿಪತಂಗವನ್ನು ಪೊಟ್ಯಾಷಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊಟ್ಟೆಯಾಕಾರದ ಹೊಳೆಯುವ ಕಣ ಕಂಡರೆ ಗಂಟು ರೋಗ, ಮೊಟ್ಟೆಗಳನ್ನು ಸುಟ್ಟುಹಾಕುತ್ತಾರೆ. ತಾಯಿಯಿಂದ ಮೊಟ್ಟೆಗೇ ಅಂಟಿಬರುವ ಈ ರೋಗಕ್ಕೆ ಹೀಗೆ ಕಾವಲಿಡುವುದನ್ನು ಕಲಿಸಿದ್ದು ಲೂಯಿ ಪಾಶ್ಚರ್. 1865ರಿಂದ ಐದಾರು ವರ್ಷ ದಕ್ಷಿಣ ಫ್ರಾನ್ಸಿನಲ್ಲಿ ಹುಳುಮನೆ ಹುಳುಮನೆ ಅಲೆದು ಕಂಡುಕೊಂಡ ವಿದ್ಯೆ ಅದು. ರೈತರು ಕೇಳಿ ತರುವ ‘ನೂರು ಮೊಟ್ಟೆ’ ಎಂದರೆ ನೂರು ತಾಯಂದಿರ ಮೊಟ್ಟೆ, ನಲವತ್ತು ಸಾವಿರ ಹುಳು.

ಇಲ್ಲಿನ ಹೆಣ್ಣುಮಕ್ಕಳಿಗೆ ಪುಸ್ತಕಕ್ಕಿಂತ ಮೊದಲೇ ಗೊತ್ತಿರುವುದು ಬಹಳ. ಮೂರನೇ ಜ್ವರದಲ್ಲಿ, ಅಂದರೆ ಪೊರೆ ಕಳಚುವ ಹೊತ್ತಿನಲ್ಲಿ, ಹುಳು ತಲೆಯೆತ್ತಿ ಅಲುಗಾಡದೆ ನಿಂತಿದ್ದಾಗ ಸೊಪ್ಪು ಹಾಕಬಾರದು, ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಹಗಲು ಹಾಕಿದರೂ ಸಾಲದು, ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿದರೆ ಮೈ ಪಾರದರ್ಶಕ, ಆಗಲೇ ಗೂಡು ಕಟ್ಟುವ ಚಂದ್ರಂಕಿಗೆ ಬಿಡಬೇಕು. ಪರೀಕ್ಷೆಯಲ್ಲಿ ‘ರೂಪಪರಿವರ್ತನೆ’ಗೆ ಉತ್ತರ ಬರೆಯಲು ತಡವರಿಸುವ ಹುಡುಗಿ ಇದನ್ನೆಲ್ಲ ಕೈಯಾರೆ ಮಾಡಿರುತ್ತಾಳೆ. ಅವಳ ತಿಳಿವಳಿಕೆಯನ್ನು ತರಗತಿಯೊಳಕ್ಕೆ ಬಿಟ್ಟುಕೊಳ್ಳುವುದು ಮೇಷ್ಟರ ಕೈಯಲ್ಲಿದೆ.

ಮನೆಯ ಮಿಶ್ರತಳಿ ಗೂಡನ್ನೇ ಬಿತ್ತನೆಗೆ ಏಕೆ ಉಳಿಸಿಕೊಳ್ಳುವುದಿಲ್ಲ, ಪ್ರತಿ ಬೆಳೆಗೂ ಮೊಟ್ಟೆ ಕೊಳ್ಳುವುದೇಕೆ ಎಂದು ಕೇಳಿದರೆ ಚೌಕದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ. ಎರಡನೇ ಪೀಳಿಗೆಯಲ್ಲಿ ಗುಣಗಳು ಚದುರಿ, ಒಂದು ಗೂಡಿನಂತೆ ಇನ್ನೊಂದಿರುವುದಿಲ್ಲ. ನೂಲು ಬಿಚ್ಚಾಣಿಕೆಗೆ ಅಂಥ ಗೂಡು ಒಗ್ಗುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಈಗ ಬಿಳಿ ಗೂಡಿನ ದ್ವಿಪೀಳಿಗೆಯ ಮೊಟ್ಟೆಯಲ್ಲಿ ನಾಲ್ಕು ತಳಿ ಬೆರೆಯುತ್ತವೆ: ಎರಡೆರಡು ತಳಿಗಳ ಸಂಕರ ಮಾಡಿ, ಆ ಎರಡು ಸಂಕರಗಳನ್ನು ಮತ್ತೆ ಕೂಡಿಸಿದ್ದು. ಒಂದು ಗುಣವನ್ನಷ್ಟೇ ನೋಡಿದರೆ ಅದಕ್ಕೂ ನಾಲ್ಕು ಮನೆಯ ಚೌಕ ಸಾಕು. ಎರಡು ಗುಣಗಳನ್ನು ಒಟ್ಟಿಗೆ ನೋಡುವಾಗ ಹದಿನಾರು ಮನೆ ಬರೆದು ಮಕ್ಕಳು ಲೆಕ್ಕ ಹಾಕಬಹುದು.