ತಿಳಿನೀರಷ್ಟೇ ಸಾಲದು ಮೀನಿಗೆ!

ಅಂಗಳದ ಪುಟ್ಟ ಕೊಳದ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ಹೊಸದರಂತೆ ತೊಳೆದಿರಿ. ನೀರು ಕನ್ನಡಿಯಷ್ಟು ತಿಳಿಯಾಯಿತು. ಆದರೆ ಕೆಲವೇ ದಿನಗಳಲ್ಲಿ ಗೋಲ್ಡ್ ಫಿಶ್‌ಗಳು ಒಂದೊಂದಾಗಿ ಸತ್ತು ತೇಲತೊಡಗಿದವು. ಹೀಗೂ ಆಗುವುದುಂಟೇ? ಉಂಟು. ಕೊಳೆಯ ಜೊತೆಗೆ ಕೊಳವನ್ನು ಕಾಯುವ ಜೀವಿಗಳನ್ನೂ ನೀವು ತೊಳೆದು ಚೆಲ್ಲಿರಬಹುದು.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆಗಳಿಂದಲೂ ಅದು ಹುಟ್ಟುತ್ತದೆ. ಇದು ಕಣ್ಣಿಗೆ ಕಾಣದ ವಿಷ, ತಿಳಿನೀರಿನಲ್ಲೂ ಇರಬಲ್ಲದು. ನೈಟ್ರೊಸೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಅದೂ ವಿಷವೇ. ನೈಟ್ರೊಸ್ಪೈರಾದಂಥ ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್‌ನಿಂದ ಮೀನಿಗೆ ಅಷ್ಟು ಅಪಾಯವಿಲ್ಲ, ನೈದಿಲೆಯಂಥ ಗಿಡಗಳಿಗಂತೂ ಅದು ಗೊಬ್ಬರ.

ಈ ಬ್ಯಾಕ್ಟೀರಿಯಾಗಳ ಮನೆಯೇ ಫಿಲ್ಟರಿನ ಸ್ಪಂಜು ಮತ್ತು ಜಲ್ಲಿಕಲ್ಲು. ಹೊಸ ಕೊಳದಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಮೊದಲಿಗೆ ಎರಡು ಮೂರು ಮೀನು ಸಾಕು. ನಲ್ಲಿ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ಕೊಳದ ನೀರನ್ನೇ ಬಕೆಟ್ಟಿಗೆ ತುಂಬಿಕೊಂಡು, ಸ್ಪಂಜನ್ನು ಅದರಲ್ಲಿ ಅದ್ದಿ ಹಿಂಡಿದರಾಯಿತು. ಸ್ವಲ್ಪ ಕೊಳೆ ಉಳಿದರೆ ಉಳಿಯಲಿ. (ನೀರು ಹಸಿರಾದರೆ ಫಿಲ್ಟರನ್ನು ಬೈಯಬೇಡಿ. ಆ ಪಾಚಿ ಸ್ಪಂಜಿನಲ್ಲೂ ನುಸುಳುವಷ್ಟು ಸೂಕ್ಷ್ಮ. ಕೊಳಕ್ಕೆ ನೆರಳು ಮಾಡಿ, ಮೀನಿಗೆ ಆಹಾರ ಕಡಿಮೆ ಹಾಕಿ.)

ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಅದನ್ನು ಹೊತ್ತ ನೀರನ್ನು ಅವುಗಳತ್ತ ತಳ್ಳುವುದು ಪಂಪು. ಕರೆಂಟು ಉಳಿಸಲೆಂದು ರಾತ್ರಿ ಅದನ್ನು ನಿಲ್ಲಿಸುವುದು ದುಬಾರಿಯ ಜಿಪುಣತನ. 25 ವಾಟ್‌ನ ಪಂಪು ಇಡೀ ದಿನ ಓಡಿದರೂ ಖರ್ಚಾಗುವುದು 0.6 ಯೂನಿಟ್ ಮಾತ್ರ. ಕರೆಂಟು ಬಹಳ ಹೊತ್ತು ಹೋಗಿದ್ದರೆ, ಫಿಲ್ಟರಿನಲ್ಲಿ ನಿಂತು ಕೆಟ್ಟ ನೀರನ್ನು ಹೊರಗೆ ಚೆಲ್ಲಿಯೇ ಪಂಪು ಹಾಕಬೇಕು.

ಎಷ್ಟು ದೊಡ್ಡ ಪಂಪು ಬೇಕು? ಇದು ಮಕ್ಕಳು ಮಾಡಬಹುದಾದ ಲೆಕ್ಕ. 2 ಮೀಟರ್ ಉದ್ದ, 1.5 ಮೀಟರ್ ಅಗಲ, 0.5 ಮೀಟರ್ ಆಳದ ಕೊಳದಲ್ಲಿ 1,500 ಲೀಟರ್ ನೀರಿರುತ್ತದೆ. ಎರಡು ಗಂಟೆಗೊಮ್ಮೆ ಅಷ್ಟೂ ನೀರು ಫಿಲ್ಟರನ್ನು ಹಾಯಬೇಕೆಂದರೆ ಗಂಟೆಗೆ 750 ಲೀಟರ್. ಆದರೆ ಡಬ್ಬಿಯ ಮೇಲಿನ ಅಂಕಿಯನ್ನೇ ನಂಬಿ ಕೊಳ್ಳಬೇಡಿ. ನೀರನ್ನು ಮೇಲಕ್ಕೆತ್ತಿದಷ್ಟೂ ಹರಿವು ತಗ್ಗುತ್ತದೆ. ಗರಿಷ್ಠ ಎತ್ತರ 2 ಮೀಟರ್ ಎಂದು ಬರೆದಿದ್ದರೆ, ಆ ಎತ್ತರದಲ್ಲಿ ಹನಿ ನೀರೂ ಬಾರದು!

ನೀರಿನಲ್ಲಿ ವಿದ್ಯುತ್ತಿನ ಸಾಧನವಿದೆ ಎಂಬುದನ್ನು ಪಾಲಕರು ಮರೆಯಬಾರದು. ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಇರಲೇಬೇಕು. ಕೊಳಕ್ಕೆ ಕೈ ಹಾಕುವ ಮುನ್ನ ದೊಡ್ಡವರೇ ಪ್ಲಗ್ ಕೀಳಲಿ.

ಮಕ್ಕಳಿಗೆ ಒಂದು ಗಡಿಯಾರ ಕೊಡಿ. ಫಿಲ್ಟರಿನಿಂದ ಮರಳಿ ಬೀಳುವ ನೀರಿಗೆ 10 ಲೀಟರಿನ ಬಕೆಟ್ ಹಿಡಿದರೆ, ಗಂಟೆಗೆ 750 ಲೀಟರ್ ಹರಿವಿದ್ದಾಗ ಅದು 48 ಸೆಕೆಂಡಿಗೆ ತುಂಬುತ್ತದೆ. ಒಂದೂವರೆ ನಿಮಿಷ ಹಿಡಿದರೆ ಸ್ಪಂಜು ಕಟ್ಟಿಕೊಂಡಿರಬಹುದು, ಹಿಂಡುವ ಹೊತ್ತಾಯಿತು.