ಶಾಲೆಯ ಆಯ್ಕೆಗೆ ಮುನ್ನ ಒಂದು ಪ್ರಶ್ನೆ

ಕಳೆದ ವಾರ ದುಬೈಯಿಂದ ಮಗ ದೂರವಾಣಿ ಮಾಡಿದ್ದ. ಎಂಟು ವರ್ಷದ ಮೊಮ್ಮಗಳನ್ನು ಸಿಬಿಎಸ್‌ಇ ಶಾಲೆಯಲ್ಲೇ ಮುಂದುವರಿಸಬೇಕೆ, ಐಬಿ ಪಠ್ಯಕ್ರಮದ ಅಂತರರಾಷ್ಟ್ರೀಯ ಶಾಲೆಗೆ ಸೇರಿಸಬೇಕೆ ಎಂಬುದು ಅವನ ಜಿಜ್ಞಾಸೆ. ಕುಂಸಿಯ ಸರ್ಕಾರಿ ಶಾಲೆಯಲ್ಲಿ ಅಕ್ಷರ ಕಲಿತ ನನ್ನ ತಲೆಮಾರಿಗೆ ಇಂಥ ಆಯ್ಕೆಯೇ ಇರಲಿಲ್ಲ.

1968ರಲ್ಲಿ ಜಿನೀವಾದಲ್ಲಿ ಆರಂಭವಾದ ಐಬಿ, ದೇಶದಿಂದ ದೇಶಕ್ಕೆ ಹೋಗುವವರ ಮಕ್ಕಳ ಓದು ತುಂಡಾಗದಿರಲೆಂದು ರೂಪುಗೊಂಡದ್ದು. ಅದರ ಡಿಪ್ಲೊಮಾವನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಹನ್ನೆರಡನೆಯ ತರಗತಿಗೆ ಸಮಾನವೆಂದು ಮಾನ್ಯ ಮಾಡಿದೆ. ಆದರೆ ನಮ್ಮ ಜೆಇಇ, ನೀಟ್ ಪರೀಕ್ಷೆಗಳು ಎನ್‌ಸಿಇಆರ್‌ಟಿ ಪಠ್ಯಗಳಿಗೆ ಹತ್ತಿರ. ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ರಾಜ್ಯದಲ್ಲೇ ಕನಿಷ್ಠ 7 ವರ್ಷ ಓದಿರಬೇಕು. ಆದ್ದರಿಂದ ಶಾಲೆಯ ಕಟ್ಟಡ, ಶುಲ್ಕಗಳನ್ನು ಹೋಲಿಸುವ ಮೊದಲು ಊರಿಗೆ ಯಾವಾಗ ಮರಳುತ್ತೇವೆ ಎಂಬುದನ್ನು ಪೋಷಕರು ನಿಶ್ಚಯಿಸಿಕೊಳ್ಳಬೇಕು.

ಮಗನಿಗೆ ಅದನ್ನೇ ಹೇಳಿದೆ. ಬೇಗ ಹಿಂದಿರುಗುವುದಾದರೆ ಸಿಬಿಎಸ್‌ಇ ಸಾಕು. ಮತ್ತೊಂದು ದೇಶಕ್ಕೆ ಹೋಗುವುದಿದ್ದರೆ ಐಬಿ ಸೂಕ್ತ. ಕನ್ನಡಕ್ಕೆ ಅಲ್ಲಿನ ‘ಕನ್ನಡ ಮಿತ್ರರು’ ಸಂಘಟನೆಯ ವಾರಾಂತ್ಯದ ಪಾಠಶಾಲೆ ಇದ್ದೇ ಇದೆ. ನಿರ್ಧರಿಸುವ ಮುನ್ನ ಮಗುವನ್ನೂ ಒಂದು ಮಾತು ಕೇಳು ಎಂದೆ.

‘ನೀವು ನನ್ನನ್ನು ಕೇಳಿದ್ದಿರಾ?’ ಎಂದು ಅವನು ನಕ್ಕ.

ಕೇಳಿರಲಿಲ್ಲ. ನನ್ನ ವರ್ಗಾವಣೆಗಳಿಂದಾಗಿ ಅವನು ಐದು ಶಾಲೆಗಳನ್ನು ಬದಲಿಸಿದ್ದ. ಪ್ರತಿ ಬಾರಿಯೂ ಗೆಳೆಯರನ್ನು ಕಳೆದುಕೊಂಡ ಹುಡುಗನ ನಷ್ಟ, ಅರ್ಥಶಾಸ್ತ್ರ ಓದಿದ ನನ್ನ ಲೆಕ್ಕದಲ್ಲಿ ಎಲ್ಲಿಯೂ ಜಮೆಯಾಗಿರಲಿಲ್ಲ.