ಬಳಸದೆ ಉಳಿದ ಹೆಸರು

ಗಣಕಯಂತ್ರದ ವಿಷಯವನ್ನು ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಬರೆಯಹೊರಡುವುದು ಸಾಹಸವೆಂದು ವಾಚಕರಿಗೆ ತೋರಬಹುದು. ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ನಾನು ಸಿ ಭಾಷೆಯನ್ನು ಕಲಿತದ್ದು ಸಂಜೆಯ ತರಗತಿಯಲ್ಲಿ, ಅದೂ ಅಲ್ಪಸ್ವಲ್ಪ. ಆದರೂ ಆ ಅಲ್ಪದಲ್ಲಿಯೇ ನಾನು ಮಾಡಿದ ತಪ್ಪೊಂದು ಸಹಪಾಠಿಗಳಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಸಿ ಭಾಷೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬವರು ೧೯೭೨ರ ಸುಮಾರಿಗೆ ರೂಪಿಸಿದರು. ನಾವು ಬರೆದುದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಅದು ನಮ್ಮೊಡನೆ ಎರಡು ಬಗೆಯಾಗಿ ಮಾತಾಡುತ್ತದೆ. ಒಂದು ದೋಷ: ವ್ಯಾಕರಣ ತಪ್ಪಿದೆ, ಮುಂದೆ ಹೋಗಲಾರೆ ಎಂಬುದು. ಇನ್ನೊಂದು ಎಚ್ಚರಿಕೆ: ವ್ಯಾಕರಣವೇನೋ ಸರಿ, ಆದರೆ ನಿನ್ನ ಮನಸ್ಸಿನಲ್ಲಿದ್ದುದು ಇದೇಯೋ ನೋಡಿಕೋ ಎಂಬುದು. ದೋಷಕ್ಕೆ ನಾವು ಹೆದರುತ್ತೇವೆ. ಎಚ್ಚರಿಕೆಯನ್ನು ಅಸಡ್ಡೆ ಮಾಡುತ್ತೇವೆ.

ಲೆಕ್ಕದ ಬೆಲೆಯೊಂದನ್ನು ಇಟ್ಟುಕೊಳ್ಳಲು ನಾವು ಹೆಸರು ಕೊಟ್ಟ ಜಾಗವೇ ವೇರಿಯಬಲ್. ಹೆಸರಿಟ್ಟು ಆಮೇಲೆ ಅದನ್ನು ಬಳಸದೆ ಬಿಟ್ಟರೆ ಕಂಪೈಲರು ಎಚ್ಚರಿಸುತ್ತದೆ. ಪಂಕ್ತಿಯಲ್ಲಿ ಎಲೆ ಹಾಕಿದೆ, ಕೂತವರಿಲ್ಲ. ಎಲೆ ಹೆಚ್ಚಾಯಿತೋ, ಬರಬೇಕಾದವರು ಬರಲಿಲ್ಲವೋ? ಇದನ್ನು ಕಂಪೈಲರು ಅರಿಯದು, ಬಡಿಸುವವನೇ ವಿಚಾರಿಸಬೇಕು.

ಮೊದಮೊದಲು ಇಂಥ ತಪಾಸಣೆಗೆ ಬೇರೆಯೇ ಸಾಧನವಿತ್ತು. ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ೧೯೭೮ರಲ್ಲಿ ರಚಿಸಿದ ಅದರ ಹೆಸರು ಲಿಂಟ್, ಎಂದರೆ ಬಟ್ಟೆಗೆ ಅಂಟುವ ನೂಲಿನ ಜುಂಗು. ೧೯೮೭ರಲ್ಲಿ ಹೊರಬಂದ ಜಿಸಿಸಿಯಂತಹ ಕಂಪೈಲರುಗಳು ಈಗ ಈ ಕೆಲಸವನ್ನೂ ತಾವೇ ಮಾಡುತ್ತವೆ. ಆದರೆ ಜಿಸಿಸಿಗೆ ‘ಡಬ್ಲ್ಯೂ-ಆಲ್’ ಎಂಬ ಸೂಚನೆ ಕೊಟ್ಟು ನಾವು ಕೇಳಬೇಕು. ಹೆಸರಿನಲ್ಲಿ ‘ಎಲ್ಲ’ ಎಂದಿದ್ದರೂ ಅದು ಎಲ್ಲವನ್ನೂ ಹೇಳುವುದಿಲ್ಲ; ಫಂಕ್ಷನ್ನಿಗೆ ಹೊರಗಿನಿಂದ ಬಂದು ಬಳಕೆಯಾಗದೆ ಉಳಿದ ಪ್ಯಾರಾಮೀಟರುಗಳ ಸುದ್ದಿ ಬೇಕಾದರೆ ‘ಡಬ್ಲ್ಯೂ-ಎಕ್ಸ್‌ಟ್ರಾ’ ಎಂಬುದನ್ನೂ ಸೇರಿಸಬೇಕು.

ಇನ್ನು ನನ್ನ ಕಥೆ. ನಮ್ಮ ತಂದೆಯವರು ಊರಿನ ಡೈರಿಗೆ ಹಾಲು ಹಾಕುತ್ತಾರೆ. ಅವರಿಗೆ ಓದು ಬಾರದು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಆದ್ದರಿಂದ, ಬಟವಾಡೆಯ ಚೀಟಿ ಸರಿಯಿದೆಯೇ ಎಂದು ನೋಡಲು ಒಂದು ಪ್ರೋಗ್ರಾಂ ಬರೆದೆ. ಹಾಲಿನ ಲೀಟರು, ದರ, ಸಾಲವಾಗಿ ತಂದ ಫೀಡಿನ ಮೂಟೆ, ಅದರ ಬೆಲೆ, ಎಲ್ಲವನ್ನೂ ಕೊಟ್ಟೆ. ‘ಕಡಿತ’ ಎಂಬ ಹೆಸರಿಗೆ ಬೆಲೆ ತುಂಬಿದ್ದೀಯೆ, ಬಳಸಿಲ್ಲ ಎಂದು ಎಚ್ಚರಿಕೆ ಬಂತು. ಹೆಸರಿನ ಮುಂದೆ ‘ವಾಯ್ಡ್’ ಎಂದು ಆವರಣದಲ್ಲಿ ಬರೆದರೆ ಕಂಪೈಲರು ಸುಮ್ಮನಾಗುವುದೆಂದು ಕೇಳಿದ್ದೆ. ಹಾಗೆಯೇ ಬರೆದೆ, ಸುಮ್ಮನಾಯಿತು.

ಉತ್ತರ ಚೀಟಿಗಿಂತ ೨,೪೦೦ ರೂಪಾಯಿ ಹೆಚ್ಚು ಬಂತು. ಮಾರನೆಯ ಬೆಳಿಗ್ಗೆ ಹಾಲು ಹಾಕುವವರೆಲ್ಲ ಸಾಲಿನಲ್ಲಿರುವಾಗಲೇ ಕಾರ್ಯದರ್ಶಿಯವರಿಗೆ, “ನಮ್ಮ ದುಡ್ಡು ಕಡಮೆ ಕೊಟ್ಟಿದ್ದೀರಿ, ಕಂಪ್ಯೂಟರಿನಲ್ಲಿ ನೋಡಿದ್ದೇನೆ” ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಮನೆಗೆ ಬಂದ ಮೇಲೆ ತಂದೆಯವರು, “ಅಲ್ಲ ಮಗ, ಫೀಡಿನ ಬಾಬ್ತು ಕಳೆದ್ಯಾ?” ಎಂದರು. “ಕಳೆದಿದ್ದೀನಪ್ಪ” ಎಂದೆ. ಆದರೂ ಸಂಶಯವಾಗಿ ತೆರೆದು ನೋಡಿದರೆ, ಕಡಿತವನ್ನು ಲೆಕ್ಕ ಹಾಕಿದ್ದೆನೇ ಹೊರತು ಮೊತ್ತದಿಂದ ಕಳೆದಿರಲಿಲ್ಲ. ಎರಡು ಮೂಟೆ ಫೀಡಿನ ಬೆಲೆ ಸರಿಯಾಗಿ ೨,೪೦೦! ಕಂಪೈಲರು ಹೇಳಿದ್ದೂ ಅದನ್ನೇ.

ಹಾಗಾದರೆ ಎಚ್ಚರಿಕೆ ಬಂದಾಗ ಮಾಡತಕ್ಕದ್ದೇನು? ಮೊದಲು, ಈ ಹೆಸರನ್ನು ಏಕೆ ಇಟ್ಟೆ ಎಂದು ಕೇಳಿಕೊಳ್ಳಬೇಕು. ಹಳೆಯ ಬರಹದ ಉಳಿಕೆಯಾಗಿದ್ದರೆ ಅಳಿಸಬೇಕು. ಬಳಸಲು ಮರೆತಿದ್ದರೆ ಬಳಸಬೇಕು. ಕೆಲವೊಮ್ಮೆ ಎರಡೂ ಆಗದು: ಬೇರೊಬ್ಬರು ಗೊತ್ತುಮಾಡಿದ ರೂಪದಲ್ಲಿಯೇ ಫಂಕ್ಷನ್ ಬರೆಯಬೇಕಾಗಿ, ನಮಗೆ ಬೇಡದ ಪ್ಯಾರಾಮೀಟರೂ ಬರುತ್ತದೆ, ಇಲ್ಲವೆ ಪರೀಕ್ಷೆಗೆಂದು ಬರೆದ ‘ಅಸರ್ಟ್’ ಸಾಲಿನಲ್ಲಿ ಮಾತ್ರ ಬಳಕೆಯಾದ ಹೆಸರು, ಆ ಪರೀಕ್ಷೆಯನ್ನು ತೆಗೆದಾಗ ಒಂಟಿಯಾಗುತ್ತದೆ. ‘ವಾಯ್ಡ್’ ಎಂದು ಬರೆಯುವುದು ಇಂಥಲ್ಲಿಗೆ. ೨೦೨೪ರಲ್ಲಿ ಪ್ರಕಟವಾದ ಸಿ೨೩ ಎಂಬ ಮಾನಕದಲ್ಲಿ ಇದಕ್ಕಾಗಿಯೇ ‘ಮೇಬಿ ಅನ್‌ಯೂಸ್ಡ್’ ಎಂಬ ಗುರುತೂ ಇದೆ. ಬೇಕೆಂದೇ ಬಿಟ್ಟಿದ್ದೇನೆ ಎಂದು ಓದುವವರಿಗೆ ತಿಳಿಸುವ ರುಜು ಅದು. ತಿಳಿಯದೆ ಹಾಕುವ ರುಜು ಎಲ್ಲಿಯೂ ಒಳ್ಳೆಯದಲ್ಲ.

ಮರುದಿನ ಸಾಲಿನಲ್ಲಿ ಎಲ್ಲರೂ ಇರುವಾಗಲೇ ಕಾರ್ಯದರ್ಶಿಯವರಲ್ಲಿ ಕ್ಷಮೆ ಕೇಳಿದೆ. ಅವರು, “ಇರಲಿ ಬಿಡಪ್ಪ, ಲೆಕ್ಕ ನೋಡೋದು ಬಿಡಬೇಡ” ಎಂದರು. ಬಿಟ್ಟಿಲ್ಲ. ಆ ‘ವಾಯ್ಡ್’ ಸಾಲನ್ನು ಮಾತ್ರ ಅಳಿಸಿದ್ದೇನೆ.